ಬಟಾಣಿಯ ನೋಟುಬುಕ್ಕು

"ಇದನ್ನ ಬರೆದೋರು ಯಾರು?"

ಪ್ರಾಣಿವೈದ್ಯೆ ಹಾಗೆ ಕೇಳಿದಾಗ ಅವಳು ತಲೆ ಎತ್ತಲಿಲ್ಲ. ಉಕ್ಕಿನ ಮೇಜಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದ ನಾಯಿಮರಿಯ ಬೆನ್ನ ಮೇಲಿಂದ ಕೈಯನ್ನೂ ತೆಗೆಯಲಿಲ್ಲ.

"ನಮ್ಮ ನಾದಿನಿ," ಎಂದಳು ಅತ್ತಿಗೆ, ಸ್ವಲ್ಪ ಹೆಮ್ಮೆಯಿಂದಲೇ. "ಡಿಗ್ರಿ ಮುಗಿಸಿ ಮನೇಲಿದ್ದಾಳೆ. ಮಾತು ಕಮ್ಮಿ, ಬರೆಯೋದು ಜಾಸ್ತಿ."

ವೈದ್ಯೆ ನೋಟುಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದಳು. ಸ್ಕೇಲಿಟ್ಟು ಎಳೆದ ಐದು ಕಾಲಂಗಳು. ಹೊತ್ತು, ಕೊಟ್ಟ ಆಹಾರ, ಕುಡಿದ ನೀರು, ವಾಂತಿ, ಮಲ. ಕೊನೆಯ ಕಾಲಂನಲ್ಲಿ "ಗಟ್ಟಿ", "ಮೆತ್ತಗೆ", ಆಮೇಲೆ "ಹಳದಿ, ನೀರಿನಂತೆ" ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು. ಇಂಥ ವಿಷಯಕ್ಕೆ ಇಷ್ಟು ಅಂದದ ಅಕ್ಷರ ಯಾಕೆ ಬೇಕು ಎಂದು ನೋಡಿದವರಿಗೆ ನಗು ಬರುವ ಹಾಗಿತ್ತು.

"ನಮ್ಮ ಕಾಂಪೌಂಡರ್ ಹತ್ರ ಇದನ್ನ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿಸ್ತೀನಿ," ಎಂದಳು ವೈದ್ಯೆ. ಮರಿಯ ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಕೆಂಪು ನಿಧಾನವಾಗಿ ಮರಳುವುದನ್ನು ನೋಡಿದಳು. "ಆದ್ರೆ ಪುಸ್ತಕ ಒಂದು ಹೇಳುತ್ತೆ, ಹೊಟ್ಟೆ ಒಂದು ಹೇಳುತ್ತೆ. ಹುಳ ಇಲ್ಲ. ವೈರಸ್ ಟೆಸ್ಟೂ ಮಾಡಿದ್ವಿ, ಅದೂ ಇಲ್ಲ. ಹದಿನೈದು ದಿನದಲ್ಲಿ ಎರಡನೇ ಸಲ ಹೀಗಾಗಿದೆ. ಯಾರೋ ಇದಕ್ಕೆ ಹಾಲು, ಬೆಣ್ಣೆ, ಕರಿದಿದ್ದು ಏನೋ ತಿನ್ನಿಸ್ತಿದ್ದಾರೆ. ಮನೇಲಿ ವಯಸ್ಸಾದವರು ಇದ್ದಾರಾ?"

"ಅಜ್ಜಿ ಇದ್ದಾರೆ," ಎಂದಳು ಅತ್ತಿಗೆ.

"ಹೂಂ. ಇದ್ದೇ ಇರ್ತಾರೆ." ವೈದ್ಯೆ ನಕ್ಕಳು. ಆಮೇಲೆ ನಗದೆ ಹೇಳಿದಳು: "ಇನ್ನೂ ಎರಡು ತಿಂಗಳ ಮರಿ ಇದು. ಮೂರನೇ ಸಲ ಹೀಗಾದ್ರೆ ನನ್ನ ಕೈಲಿ ಏನೂ ಇರಲ್ಲ."

ನಾದಿನಿ ಮರಿಯ ಬೆನ್ನನ್ನು ಸವರುತ್ತಲೇ ಇದ್ದಳು. ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಹೊರಗಿನ ಬೆಂಚಿನಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂತವರಿಗೂ ಈ ಕೋಣೆಯ ಮಾತು ಕೇಳಿಸುತ್ತಿತ್ತು. ಅವಳು ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು.

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅತ್ತಿಗೆ ಮೂರು ವಾರದ ಹಿಂದೆ ಅಂಗಡಿಯ ಹಿತ್ತಲಿನಿಂದ ಆ ಮರಿಯನ್ನು ಎತ್ತಿಕೊಂಡು ಬಂದಿದ್ದಳು. ಅಂಗೈಗಿಂತ ಸ್ವಲ್ಪ ದೊಡ್ಡದು, ಉರುಳಿಕೊಂಡೇ ಓಡಾಡುವಂಥದ್ದು. ಬಟಾಣಿ ಎಂದು ಹೆಸರಿಟ್ಟಳು. ಮದುವೆಯಾಗಿ ವರ್ಷವಾಗಿದ್ದರೂ ಆ ಮನೆಯಲ್ಲಿ ಅತ್ತಿಗೆ ತನಗಾಗಿ ಕೇಳಿದ್ದು ಅದೊಂದನ್ನೇ. ಅತ್ತಿಗೆಯೂ ಅಣ್ಣನೂ ಎಂಟು ಗಂಟೆಗೆ ಕೆಲಸಕ್ಕೆ ಹೊರಡುತ್ತಿದ್ದರು. ಇಸ್ತ್ರಿ ಅಂಗಡಿಯಲ್ಲಿ ಕೆಲಸವಿದ್ದ ಅಮ್ಮ ಒಂಬತ್ತಕ್ಕೆ. ಆಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಅಜ್ಜಿ, ಅವಳು ಮತ್ತು ಬಟಾಣಿ. ಅಜ್ಜಿ ಮಾತ್ರ ಅದನ್ನು "ಸಾಹೇಬ್ರು" ಎನ್ನುತ್ತಿದ್ದಳು. "ಸಾಹೇಬ್ರು ಈಗ ತಾನೇ ಎದ್ರು. ಬಂದ ಕೂಡಲೇ ಚಾಪೆ ಮೇಲೆ ಸಹಿ ಹಾಕಿದ್ರು."

ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಕೆಲಸ ದಿನಾ ಬೆಳಿಗ್ಗೆ ನಡೆಯುತ್ತಿತ್ತು. ಎರಡು ತಿಂಗಳ ಹಿಂದೆ ನಾದಿನಿ ಒಂದು ಗ್ರಂಥಾಲಯದ ಕೆಲಸಕ್ಕೆ ಸಂದರ್ಶನಕ್ಕೆ ಹೋಗಿದ್ದಳು. ಮೇಜಿನ ಆಚೆ ಕೂತ ಮೂವರು "ನಿಮ್ಮ ಬಗ್ಗೆ ಹೇಳಿ" ಎಂದಿದ್ದರು. ಅವಳು ಒಂದು ಲೋಟ ನೀರನ್ನು ಪೂರ್ತಿ ಕುಡಿದು, ಒಂದು ಮಾತೂ ಆಡದೆ ಎದ್ದು ಬಂದಿದ್ದಳು. ಮನೆಯಲ್ಲಿ ಹೇಳಿದ್ದು, "ತಿಳಿಸ್ತಾರಂತೆ." ಅಂದಿನಿಂದ ಬೆಳಗಿನ ಹೊತ್ತು ಏನೂ ಒಳಗಿಳಿಯುತ್ತಿರಲಿಲ್ಲ. ಅಮ್ಮನಿಗೆ ಕಂಡಿದ್ದು ಸೊರಗಿದ ಮುಖ ಮಾತ್ರ. ಬೆಣ್ಣೆಯಲ್ಲಿ ಹುರಿದ ಎರಡು ಮೊಟ್ಟೆ, ಕೆನೆ ತೇಲುವ ಒಂದು ಲೋಟ ಹಾಲು ಮುಂದಿಟ್ಟು, ಚೀಲ ಹೆಗಲಿಗೇರಿಸಿಕೊಂಡು, ಮೊದಲ ತುತ್ತು ಬಾಯಿಗೆ ಹೋಗುವವರೆಗೂ ನಿಂತಿರುತ್ತಿದ್ದಳು. ಅಮ್ಮನ ಹಿಂದೆ ಬಾಗಿಲು ಮುಚ್ಚಿದ ಮೇಲೆ ಅವಳು ತಟ್ಟೆ ಲೋಟಗಳನ್ನು ಹಿಂದಿನ ಬಾಲ್ಕನಿಗೆ ಒಯ್ಯುತ್ತಿದ್ದಳು. ಬಟಾಣಿಯ ಬಾಲ ಮೈಯನ್ನೆಲ್ಲ ಅಲ್ಲಾಡಿಸುತ್ತಿತ್ತು. ಇಷ್ಟು ಸಣ್ಣ ಪ್ರಾಣಿ ಇಷ್ಟು ಬೇಗ ತಟ್ಟೆ ಖಾಲಿ ಮಾಡುವುದು ನೋಡಿ ಅವಳಿಗೆ ಮೊದಮೊದಲು ಸಮಾಧಾನವೇ ಆಗಿತ್ತು. ಆಮೇಲೆ ನೋಟುಬುಕ್ಕು ತೆಗೆದು "ಒಂಬತ್ತು ಗಂಟೆ: ಮರಿಯ ಆಹಾರ, ಅರ್ಧ ಬಟ್ಟಲು" ಎಂದು ಬರೆಯುತ್ತಿದ್ದಳು. ಅದು ಸುಳ್ಳಲ್ಲ. ಅದನ್ನೂ ಕೊಡುತ್ತಿದ್ದಳು.

ಮೊದಲ ಸಲ ಹೊಟ್ಟೆ ಕೆಟ್ಟಾಗ ಅವಳಿಗೆ ಅನುಮಾನ ಬಂದಿತ್ತು. ಮೂರು ದಿನ ಹಾಲನ್ನು ಸಿಂಕಿಗೆ ಸುರಿದಳು, ಮೊಟ್ಟೆಯನ್ನು ಕಾಗದದಲ್ಲಿ ಸುತ್ತಿ ಬೀದಿಯ ಕಸದ ಡಬ್ಬಿಗೆ ಹಾಕಿ ಬಂದಳು. ಮರಿ ಚೇತರಿಸಿಕೊಂಡಿತು. ನಾಲ್ಕನೇ ದಿನ ಅಮ್ಮ, "ಸಿಂಕಲ್ಲಿ ಯಾಕೆ ಹುಳಿ ವಾಸನೆ?" ಎಂದಳು. ಐದನೇ ದಿನ ಅವಳು ಮತ್ತೆ ಬಾಲ್ಕನಿಗೆ ಹೋದಳು. ತಾನು ಬೇಕೆಂದೇ ಹೋದದ್ದು ಎಂಬುದನ್ನು ಅವಳು ತನ್ನ ದಿನಚರಿಯಲ್ಲಿ ಕೂಡ ಬರೆದಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಅಜ್ಜಿ ರೇಡಿಯೋ ಆರಿಸಿ ಬಾಗಿಲಿಗೇ ಬಂದು ನಿಂತಿದ್ದಳು.

"ಸಾಹೇಬ್ರು ಏನಂದ್ರು?"

"ಅಜ್ಜಿ, ಬೇಜಾರು ಮಾಡ್ಕೋಬೇಡಿ," ಎಂದಳು ಅತ್ತಿಗೆ. "ನೀವು ಬಟಾಣಿಗೆ ಹಾಲು ಗೀಲು ಏನಾದ್ರೂ ಕೊಟ್ರಾ?"

"ನಾನಾ? ಬಂದ ವಾರದಲ್ಲಿ ಒಂದು ರಸ್ಕು ಕೊಟ್ಟೆ. ನೀನೇ ಬೈದೆಯಲ್ಲ. ಆಮೇಲೆ ಒಂದು ಚೂರೂ ಇಲ್ಲಮ್ಮ."

"ನೆನಪಿದೆಯಾ ನಿನಗೆ?" ಅಣ್ಣ ಸೋಫಾದಿಂದ ಕೇಳಿದ. ಕೇಳಿದ ದನಿಯಲ್ಲಿ ಕೋಪವಿರಲಿಲ್ಲ. ಅದೇ ಕೆಟ್ಟದ್ದಾಯಿತು. "ಹೋದ ತಿಂಗಳು ಗ್ಯಾಸ್ ಉರೀತಾ ಇತ್ತು, ನಾನೇ ಆರಿಸಿದ್ದೆ ಅಂತ ವಾದ ಮಾಡಿದ್ದೆ ನೀನು."

ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕರೆಗಳನ್ನು ಜೋಡಿಸುತ್ತಿದ್ದ ಹೆಂಗಸು ಅಜ್ಜಿ. ಊರಿನ ಮುನ್ನೂರು ನಂಬರು ಅವಳ ನಾಲಿಗೆಯ ಮೇಲಿದ್ದವಂತೆ. "ಡೈರೆಕ್ಟರಿ ಯಾಕೆ, ನಾನಿದ್ದೀನಲ್ಲ" ಎನ್ನುವುದು ಮನೆಯಲ್ಲಿ ಇವತ್ತಿಗೂ ಅವಳ ಮಾತಾಗಿತ್ತು. ಈಗ ಅವಳು ಗೋಡೆ ಹಿಡಿದುಕೊಂಡು, "ಕೊಟ್ಟಿಲ್ಲ ಅಂತ್ಲೇ ಅನ್ಸುತ್ತೆ," ಎಂದಳು. ರಸ್ಕಿನ ಡಬ್ಬಿಯ ಕಡೆ ನೋಡಿ, "ಕೊಟ್ಟಿದ್ದೀನೇನೋ," ಎಂದಳು.

ಸಂಜೆಯೊಳಗೆ ರಸ್ಕಿನ ಡಬ್ಬಿ ಮೇಲಿನ ಕಪಾಟಿಗೆ ಹೋಯಿತು. ಅಮ್ಮ ಬಂದ ಮೇಲೆ ಅಡುಗೆಮನೆಯಲ್ಲಿ ಪಿಸುಮಾತು ನಡೆಯಿತು. ನೆನಪಿನ ಡಾಕ್ಟರ ಹತ್ತಿರ ಶನಿವಾರ ಹನ್ನೊಂದಕ್ಕೆ ಎಂದು ಅಣ್ಣ ಫೋನಿನಲ್ಲಿ ಗೊತ್ತುಮಾಡಿದ. ಪಕ್ಕದಲ್ಲೇ ಅವಳು ಬಟಾಣಿಗಾಗಿ ಅನ್ನವನ್ನು ಮುದ್ದೆಯಾಗುವಂತೆ ಬೇಯಿಸುತ್ತಿದ್ದಳು. ಸೌಟು ಒಂದೇ ಸಮನೆ ತಿರುಗುತ್ತಿತ್ತು.

ನಾಲ್ಕು ದಿನ ಅವಳು ಮರಿಯನ್ನು ಬಿಟ್ಟು ಏಳಲಿಲ್ಲ. ಹತ್ತು ಹತ್ತು ನಿಮಿಷಕ್ಕೆ ಸೂಜಿ ತೆಗೆದ ಸಿರಿಂಜಿನಲ್ಲಿ ಒಂದು ಚಮಚ ಉಪ್ಪುಸಕ್ಕರೆಯ ನೀರು, ಕೆನ್ನೆಯ ಪಕ್ಕದಿಂದ, ಗಂಟಲಿಗೆ ನುಗ್ಗದ ಹಾಗೆ. ಅದು ಹೊಟ್ಟೆಯಲ್ಲಿ ನಿಂತರೆ ಎರಡು ಬೆರಳಲ್ಲಿ ಹಿಸುಕಿದ ಅನ್ನ, ಚರ್ಮ ತೆಗೆದು ಬೇಯಿಸಿದ ಕೋಳಿಯ ಎಳೆ, ನೆಲ್ಲಿಕಾಯಿ ಗಾತ್ರ, ಅಷ್ಟೇ. ಕತ್ತಿನ ಚರ್ಮವನ್ನು ಎಳೆದು ಬಿಟ್ಟು ಅದು ಎಷ್ಟು ಬೇಗ ಹಿಂದಕ್ಕೆ ಹೋಗುತ್ತದೆ ಎಂದು ನೋಡುವುದು. ಕೊಳೆಯಾದ ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆದು ಹರವುವುದು. "ನೀನಿಲ್ದಿದ್ರೆ ನನ್ನ ಮಗು ಉಳೀತಿರಲಿಲ್ಲ ಕಣೆ," ಎಂದು ಅತ್ತಿಗೆ ಒಮ್ಮೆ ಅವಳ ಭುಜ ಹಿಡಿದು ಅತ್ತುಬಿಟ್ಟಳು. ಅವಳು ಒದ್ದೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಳು.

ಬೆಳಗಿನ ಮೊಟ್ಟೆಯನ್ನು ಈಗ ಅವಳೇ ತಿನ್ನುತ್ತಿದ್ದಳು. ತಿಂದು, ವಾಂತಿಯಾದರೆ ಯಾರಿಗೂ ಕೇಳಿಸದಿರಲಿ ಎಂದು ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲಿ ನಿಲ್ಲುತ್ತಿದ್ದಳು.

ಅಜ್ಜಿ ಬಟಾಣಿ ಇದ್ದ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. "ನಾನು ಮುಟ್ಟಲ್ಲ ಕಣೆ. ನೋಡ್ತೀನಿ ಅಷ್ಟೆ," ಎನ್ನುತ್ತ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಗುರುವಾರ ಮಧ್ಯಾಹ್ನ ಹಾಗೆ ನಿಂತಿದ್ದವಳು ಕೇಳಿದಳು:

"ನೀನು ಇಡೀ ದಿನ ಮನೇಲೇ ಇರ್ತೀಯಲ್ಲ. ನಾನು ಅದಕ್ಕೆ ಏನಾದ್ರೂ ಕೊಡೋದು ನೋಡಿದ್ಯಾ?"

"ಇಲ್ಲ ಅಜ್ಜಿ."

"ನೋಡಿದ್ರೂ ನೀನು ಹೇಳಲ್ಲ ಬಿಡು. ನನ್ನ ಮೇಲೆ ಪ್ರೀತಿ ನಿನಗೆ." ಅಜ್ಜಿ ನಕ್ಕಳು. "ಈಗೀಗ ನನಗೆ ಕಾಣಿಸೋಕೂ ಶುರುವಾಗಿದೆ. ಬಟ್ಟಲು ಹಿಡ್ಕೊಂಡು ಬಾಲ್ಕನಿಗೆ ಹೋಗ್ತಾ ಇದ್ದೀನಿ, ಅದು ಕಾಲಿಗೆ ಸುತ್ಕೊತಾ ಇದೆ. ಇಷ್ಟು ಸರಿಯಾಗಿ ಕಾಣ್ಬೇಕಾದ್ರೆ ಕೊಟ್ಟೇ ಇರ್ಬೇಕು, ಅಲ್ವಾ?"

ಅವಳ ಕೈಯಲ್ಲಿದ್ದ ಸಿರಿಂಜಿನಿಂದ ನೀರು ಮರಿಯ ಕೊರಳ ಮೇಲೆ ಚೆಲ್ಲಿತು. ಒರೆಸಲು ಬಟ್ಟೆ ಹುಡುಕುವ ನೆಪದಲ್ಲಿ ಅವಳು ಎದ್ದುಹೋದಳು. ಮರಳಿ ಬರುವಷ್ಟರಲ್ಲಿ ಅಜ್ಜಿ ತನ್ನ ಕೋಣೆಗೆ ಹೋಗಿದ್ದಳು. ಗೋಡೆಯಾಚೆಯಿಂದ ಸಣ್ಣ ದನಿ ಬರುತ್ತಿತ್ತು. ಫೈರ್ ಸ್ಟೇಷನ್, ಇನ್ನೂರ ಹನ್ನೆರಡು. ದೊಡ್ಡ ಆಸ್ಪತ್ರೆ, ಇನ್ನೂರ ನಲವತ್ತು. ರೈಲು ನಿಲ್ದಾಣ, ಇನ್ನೂರ... ಅಲ್ಲಿಗೆ ನಿಂತಿತು. ಮತ್ತೆ ಫೈರ್ ಸ್ಟೇಷನ್ನಿನಿಂದ ಶುರುವಾಯಿತು. ಮತ್ತೆ ರೈಲು ನಿಲ್ದಾಣದ ಹತ್ತಿರ ನಿಂತಿತು.

ಶನಿವಾರ ಬೆಳಿಗ್ಗೆ ಬಟಾಣಿ ಬಾಲ್ಕನಿಯ ಮೂಲೆಗೆ ತಾನಾಗಿ ನಡೆದು ಹೋಗಿ, ಹತ್ತು ದಿನಗಳಲ್ಲಿ ಮೊದಲ ಬಾರಿಗೆ ಒಂದು ಗಟ್ಟಿ ಕೆಲಸ ಮಾಡಿತು. ಅತ್ತಿಗೆ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದಳು. ಅಣ್ಣ ಅದನ್ನು ಬಗ್ಗಿ ನೋಡಿ, "ನಾನು ಡಿಗ್ರಿ ತಗೊಂಡಾಗ್ಲೂ ಈ ಮನೇಲಿ ಇಷ್ಟು ಸಂಭ್ರಮ ಇರಲಿಲ್ಲ," ಎಂದ. ಎಲ್ಲರೂ ನಗುತ್ತ ಅಡುಗೆಮನೆಗೆ ಹೋದರು.

ಅಜ್ಜಿ ಮಾತ್ರ ಬಂದಿರಲಿಲ್ಲ. ಹನ್ನೊಂದಕ್ಕೆ ಹೋಗಬೇಕಾದವಳು ಒಂಬತ್ತಕ್ಕೇ ತಯಾರಾಗಿ ಮುಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಕೈಚೀಲ, ಕಾಲಲ್ಲಿ ಅಮ್ಮ ಹಾಕಿಕೊಟ್ಟ ಬಕಲಿನ ಕಪ್ಪು ಶೂ. ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ತುಟಿ ಅಲುಗುತ್ತಿತ್ತು.

"ಇವತ್ತು ಯಾವ ವಾರ ಅಂತ ಕೇಳ್ತಾರಂತೆ," ಎಂದಳು ಅಜ್ಜಿ, ಹತ್ತಿರ ಬಂದು ನಿಂತ ಮೊಮ್ಮಗಳಿಗೆ. "ಶನಿವಾರ ತಾನೇ?"

"ಅಜ್ಜಿ, ನೀನು ಕೊಟ್ಟಿಲ್ಲ."

"ಏನು?"

"ಬಟಾಣಿಗೆ. ನೀನು ಏನೂ ಕೊಟ್ಟಿಲ್ಲ. ಅಮ್ಮ ನನಗೆ ಕೊಡೋ ಮೊಟ್ಟೆ, ಹಾಲು, ನಾನೇ ಹಾಕ್ತಿದ್ದೆ. ನನಗೆ ಸೇರ್ತಿರಲಿಲ್ಲ."

ಅಜ್ಜಿ ಅವಳನ್ನೇ ನೋಡಿದಳು. ಕೈಚೀಲದ ಬಾಯಿಯನ್ನು ಒಮ್ಮೆ ತೆರೆದು ಮುಚ್ಚಿದಳು.

"ದಿನಾನೂ?"

"ದಿನಾನೂ."

"ನಾನು ಕೇಳಿದ್ನಲ್ಲ ಮೊನ್ನೆ. ನಿನ್ನನ್ನೇ ಕೇಳಿದ್ನಲ್ಲ."

ಅಜ್ಜಿ ಬೈದಿದ್ದರೆ, ಅತ್ತಿದ್ದರೆ, ಕಾಲು ಹಿಡಿಯಬಹುದಿತ್ತು. ಅಜ್ಜಿ ಲೆಕ್ಕ ಒಪ್ಪಿಸುವವಳಂತೆ ಹೇಳಿದಳು: "ನನಗೆ ಹೇಳಿ ಏನು ಪ್ರಯೋಜನ? ಮೊಮ್ಮಗಳು ಒಪ್ಕೊಂಡ್ಲು ಅಂತ ನಾನು ಹೇಳಿದ್ರೆ ಈ ಮನೇಲಿ ಈಗ ಯಾರು ನಂಬ್ತಾರೆ? ಆಯ್ತಜ್ಜಿ, ಹೌದಜ್ಜಿ ಅಂತ ಬಸ್ಸು ಹತ್ತಿಸ್ತಾರೆ. ಹೋಗು. ಅವರಿಗೆ ಹೇಳು."

ಅಡುಗೆಮನೆಯಲ್ಲಿ ಮೂವರೂ ಮೇಜಿನ ಆ ಕಡೆ ಕೂತಿದ್ದರು. ಈ ಕಡೆ ಅವಳ ತಟ್ಟೆ, ಎರಡು ಮೊಟ್ಟೆ, ಹಾಲು. ಅವಳು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡಳು. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು, ಅಣ್ಣ ಬ್ರೆಡ್ಡು ಕಚ್ಚುವುದು ಕೇಳಿಸಿತು.

"ಅಜ್ಜಿಯನ್ನ ಕರ್ಕೊಂಡು ಹೋಗಬೇಡಿ," ಎಂದಳು. ತನ್ನ ದನಿ ತನಗೇ ಜೋರಾಗಿ ಕೇಳಿತು. ಆಮೇಲೆ ಹಾಲು, ಮೊಟ್ಟೆ, ಸಿಂಕು, ಐದನೇ ದಿನ, ಗುರುವಾರ ಎಲ್ಲವನ್ನೂ ಹೇಳಿದಳು. ಗ್ರಂಥಾಲಯದವರು ಏನನ್ನೂ ತಿಳಿಸುವುದಿಲ್ಲ ಎಂಬುದನ್ನೂ ಹೇಳಿದಳು. ಹೇಳಿ ಮುಗಿದ ಮೇಲೂ ಇನ್ನೇನೋ ಉಳಿದಿದೆ ಎಂದು ಹುಡುಕಿದಳು. ಉಳಿದಿರಲಿಲ್ಲ.

ಮೊದಲು ಮಾತಾಡಿದ್ದು ಅತ್ತಿಗೆ. "ಡಾಕ್ಟರ್ ಮುಂದೆ ನಾನು ಅಜ್ಜಿ ಹೆಸರು ಹೇಳಿದಾಗ ನೀನು ಪಕ್ಕದಲ್ಲೇ ಇದ್ದೆ," ಎಂದಳು. ಜೋರಾಗಿ ಅಲ್ಲ. ಎದ್ದು, ಬಟಾಣಿಯನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಅಮ್ಮ ತಟ್ಟೆಯನ್ನೇ ನೋಡುತ್ತಿದ್ದಳು. "ಮೊಟ್ಟೆನೂನಾ?" ಎಂದು ಕೇಳಿದಳು. "ಮೊಟ್ಟೆನೂ ತಿಂತಿರಲಿಲ್ವಾ?" ಅವಳು ಇಲ್ಲವೆಂದು ತಲೆಯಾಡಿಸಿದಳು. ಅಮ್ಮ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಏನು ಮಾಡುವುದೆಂದು ತಿಳಿಯದೆ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು.

ಅಣ್ಣ ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದ. "ಇಲ್ಲ, ಇವತ್ತು ಬರ್ತಿಲ್ಲ. ಇಲ್ಲ ಮೇಡಂ, ಬೇರೆ ದಿನಾನೂ ಬೇಡ," ಎನ್ನುವುದು ಕೇಳಿಸಿತು. ಒಳಗೆ ಬಂದವನು ಅವಳ ಮುಖ ನೋಡದೆ, "ಅಜ್ಜಿ ಶೂ ಬಿಚ್ಚಿಕೊಡು ಹೋಗು," ಎಂದ.

ಅಜ್ಜಿ ಕುರ್ಚಿಯಲ್ಲಿ ಹಾಗೇ ಇದ್ದಳು. ಎಲ್ಲವೂ ಕೇಳಿಸಿರಬೇಕು. ಬಕಲಿಗೆ ಕೈ ಎಟುಕಿಸಲು ಬಗ್ಗಿ ನೋಡಿ, ಸೊಂಟ ಬಗ್ಗದೆ, ಮತ್ತೆ ಒರಗಿಕೊಂಡಿದ್ದಳು. ಮೊಮ್ಮಗಳು ಮುಂದೆ ನೆಲದ ಮೇಲೆ ಕೂತು ಅಜ್ಜಿಯ ಎಡಗಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಾತ ಪಾದಕ್ಕೆ ಪಟ್ಟಿ ಕಚ್ಚಿ ಕೂತಿತ್ತು. ಅವಳ ಉಗುರು ಎರಡು ಸಲ ಜಾರಿತು. ಮೂರನೆಯ ಸಲ ಬಕಲು ಬಿಟ್ಟುಕೊಂಡಿತು. ಶೂ ಕಳಚಿದ ಮೇಲೆ ಪಟ್ಟಿಯ ಕೆಂಪು ಗೆರೆ ಪಾದದ ಮೇಲೆ ಹಾಗೇ ಉಳಿಯಿತು. ಅವಳು ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದಳು.

ಬೀದಿಯಲ್ಲಿ ಒಂದು ಬಸ್ಸು ನಿಂತು, ಹೊರಟುಹೋಯಿತು. ಅದರ ಸದ್ದು ಪೂರ್ತಿ ಇಳಿದ ಮೇಲೆ ಅಜ್ಜಿ, ಮುಖ ಇನ್ನೂ ಕಿಟಕಿಯ ಕಡೆಗೇ ಇಟ್ಟುಕೊಂಡು, ಬಲಗಾಲನ್ನು ಮುಂದಕ್ಕೆ ಚಾಚಿದಳು.