ಹರ್ಷಿತ ತುಂಬದೆ ಬಿಟ್ಟ ಉತ್ತರಗಳು

ದೊಡ್ಡಬಳ್ಳಾಪುರದಲ್ಲಿ ಕೋದಂಡರಾಮಯ್ಯನವರದು ನೇಕಾರರ ಮನೆ. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್, ಹಿಂದೆ ಸಂಸಾರ. ಮಗಳು ಹರ್ಷಿತ ಹನ್ನೊಂದು ವರ್ಷದವಳಿದ್ದಾಗ ಆ ಮಗ್ಗಕ್ಕೇ ಬಲಗೈ ಸಿಕ್ಕಿ, ಹೆಬ್ಬೆರಳು ಸೇರಿ ಮೂರು ಬೆರಳು ಹೋದವು. ಹುಡುಗಿ ಎಡಗೈಯಲ್ಲಿ ಬರೆಯಲು ಕಲಿತಳು. ಬರವಣಿಗೆ ನಿಧಾನ, ಓದು ಚುರುಕು. ಎರಡನೇ ಪಿಯುಸಿಗೆ ಬಂದಾಗ ಎಂಜಿನಿಯರಿಂಗ್ ಸೇರಲೇಬೇಕೆಂದು ಹಟ ಹಿಡಿದಿದ್ದಳು. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕಿತ್ತು.

ಅರ್ಜಿ ತುಂಬಲು ಇನ್ನೂ ಮೂರು ತಿಂಗಳಿರುವಾಗ ಶಶಿರೇಖಾ ಮನೆಗೆ ಬಂದರು. ಅಂಗವಿಕಲರಿಗೆ ಸರ್ಕಾರದ ಸೌಲಭ್ಯ ಕೊಡಿಸುವ ಪುನರ್ವಸತಿ ಕಾರ್ಯಕರ್ತೆ ಅವರು. ಪೋಲಿಯೊದಿಂದ ಅವರದೂ ಒಂದು ಕಾಲು ಸೊರಗಿದೆ.

"ಅಣ್ಣ, ಹರ್ಷಿತಂಗೆ ಯುಡಿಐಡಿ ಕಾರ್ಡ್, ಅದೇ ಅಂಗವಿಕಲರ ಗುರುತಿನ ಚೀಟಿ, ಮಾಡಿಸ್ಬಿಡಿ. ಆಸ್ಪತ್ರೇಲಿ ಡಾಕ್ಟ್ರು ಕೈ ನೋಡಿ ಎಷ್ಟು ಪರ್ಸೆಂಟ್ ಅಂತ ಬರ್ಕೊಡ್ತಾರೆ. ನಲವತ್ತೋ, ಅದಕ್ಕಿಂತ ಜಾಸ್ತಿನೋ ಬಂದ್ರೆ ಪರೀಕ್ಷೇಲಿ ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚಿಗೆ ಕೇಳ್ಬೋದು. ಆದ್ರೆ ಅರ್ಜೀಲೇ ಕೇಳ್ಬೇಕು."

"ಬೇಡಮ್ಮ," ಎಂದರು ಕೋದಂಡರಾಮಯ್ಯ. "ಎಲ್ರಿಗೂ ಒಂದೇ ಪೇಪರ್ರು, ಒಂದೇ ಟೈಮು. ಅದೇ ನ್ಯಾಯ. ನಮಗ್ಯಾಕೆ ಬೇರೆ?"

"ಪೇಪರ್ ಒಂದೇ ಅಣ್ಣ. ಬರಿಯೋ ಕೈ ಒಂದೇನಾ?"

ಕೋದಂಡರಾಮಯ್ಯ ದನಿ ತಗ್ಗಿಸಿದರು. "ಕಾರ್ಡಲ್ಲಿ ಹಂಗಂತ ಬರೆಸ್ಬಿಟ್ರೆ ನಾಳೆ ಇವಳ್ನ ಯಾರಮ್ಮ ಮದ್ವೆ ಆಗ್ತಾರೆ?"

ಬಾಗಿಲ ಬಳಿ ನಿಂತಿದ್ದ ಹರ್ಷಿತ ಬಲಗೈಯನ್ನು ವೇಲಿನೊಳಗೆ ಸರಿಸಿಕೊಂಡಳು. "ಅಪ್ಪ, ನಂಗೆ ನಿಜವಾಗ್ಲೂ ಟೈಮ್ ಸಾಲಲ್ಲ."

"ಬೇಗ ಬರಿಯೋದು ಅಭ್ಯಾಸ ಮಾಡ್ಕೊ," ಎಂದು ಅವರು ಎದ್ದು ಮಗ್ಗದ ಸ್ವಿಚ್ ಹಾಕಿದರು. ಆ ಸದ್ದಿನಲ್ಲಿ ಮಾತು ಮುಂದುವರಿಯುವಂತಿರಲಿಲ್ಲ.

ಪರೀಕ್ಷೆ ಬಂತು. ಒಂದೊಂದು ಪತ್ರಿಕೆಗೆ ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ. ಪ್ರತಿ ಉತ್ತರಕ್ಕೂ ಕಡಲೆಕಾಳಿಗಿಂತ ಚಿಕ್ಕದೊಂದು ವೃತ್ತವನ್ನು ಪೆನ್ನಿನಿಂದ ಕಪ್ಪಾಗಿಸಬೇಕು. ಗೆರೆ ಆಚೆ ಹೋದರೆ ಕೆಟ್ಟಿತು. ಹರ್ಷಿತ ಬಲಗೈಯಲ್ಲಿ ಉಳಿದ ಎರಡು ಬೆರಳಿನಿಂದ ಹಾಳೆ ಒತ್ತಿ ಹಿಡಿದು, ಎಡಗೈಯಲ್ಲಿ ತುಂಬುತ್ತಾ ಹೋದಳು. ಗಂಟೆ ಹೊಡೆಯಿತು. ಮೇಲ್ವಿಚಾರಕರು ಹಾಳೆ ತೆಗೆದುಕೊಂಡರು.

ಬಂದ ರ‍್ಯಾಂಕಿಗೆ ಸರ್ಕಾರಿ ಕಾಲೇಜಿನ ಸೀಟು ದೂರದ ಮಾತಾಯಿತು.

"ಇನ್ನೊಂಚೂರು ಓದ್ಬೇಕಿತ್ತು ಕಣಮ್ಮ," ಎಂದರು ಅಪ್ಪ.

ಹರ್ಷಿತ ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ತಂದು ಅವರ ಮುಂದಿಟ್ಟಳು. ತನಗೆ ಗೊತ್ತಿದ್ದ ಉತ್ತರಗಳಿಗೆಲ್ಲ ಪರೀಕ್ಷೆಯ ಹೊತ್ತಿನಲ್ಲೇ ಅದರಲ್ಲಿ ಗುರುತು ಹಾಕಿದ್ದಳು. ಸರಿಯುತ್ತರಗಳ ಪಟ್ಟಿ ಮೊಬೈಲಿನಲ್ಲಿತ್ತು. ಏಳನೇ ಕ್ಲಾಸು ಓದಿದ್ದ ಕೋದಂಡರಾಮಯ್ಯ ಒಂದೊಂದೇ ಅಕ್ಷರ ಹೋಲಿಸಿ ನೋಡಿದರು. ಐವತ್ತೊಂದು ಸರಿ ಇದ್ದವು.

"ಅದ್ರಲ್ಲಿ ನಾನು ತುಂಬಿದ್ದು ಮೂವತ್ತಾರು," ಎಂದಳು. "ಮಿಕ್ಕಿದ್ದೂ ಗೊತ್ತಿತ್ತಪ್ಪ. ಟೈಮ್ ಸಾಕಾಗ್ಲಿಲ್ಲ."

ಅದೇ ತಿಂಗಳು ಹೊಸಕೋಟೆಯಿಂದ ಬಂದ ದೂರದ ನೆಂಟರು ಹರ್ಷಿತಳಿಗೆ ಯಾರೋ ಹುಡುಗನ ಸಂಬಂಧದ ಮಾತೆತ್ತಿ, "ಮಗ್ಗಕ್ಕೆ ಕೈ ಸಿಕ್ಕಿತ್ತಲ್ಲ, ಅದೇ ಹುಡುಗಿ ತಾನೆ?" ಎಂದು ಮೊದಲು ಕೇಳಿದರು. ಊರಿಗೆಲ್ಲ ಗೊತ್ತಿದ್ದ ವಿಷಯ. ಗೊತ್ತಿಲ್ಲದೆ ಇದ್ದದ್ದು ಪರೀಕ್ಷಾ ಕೇಂದ್ರದವರಿಗೆ ಮಾತ್ರ.

ಮರುದಿನವೇ ಕೋದಂಡರಾಮಯ್ಯ ಶಶಿರೇಖಾ ಹತ್ತಿರ ಹೋದರು. "ಈಗ ಮಾಡ್ಸೋಣಮ್ಮ."

"ಕಾರ್ಡ್ ಮಾಡಿಸ್ಬೋದು ಅಣ್ಣ. ಈ ವರ್ಷದ ಪರೀಕ್ಷೆ ಮುಗ್ದೋಯ್ತು."

ಆಸ್ಪತ್ರೆಯಲ್ಲಿ ಡಾಕ್ಟರು ಕೈ ಹಿಡಿದು ನೋಡಿ, "ಹೇಗಾಯ್ತು ಇದು?" ಎಂದರು. ಹರ್ಷಿತ ಬಾಯಿ ತೆರೆಯುವ ಮೊದಲೇ ಕೋದಂಡರಾಮಯ್ಯ ಹೇಳಿದರು: "ನಮ್ಮನೆ ಮಗ್ಗ ಸಾರ್. ಕೆಲಸಕ್ಕೆ ಜನ ಇರ್ಲಿಲ್ಲ. ಆವತ್ತು ಸ್ಕೂಲಿಗೆ ಕಳಿಸ್ದೆ ನಾನೇ ನಿಲ್ಲಿಸಿದ್ದೆ." ಏಳು ವರ್ಷದಲ್ಲಿ ಆ ಮಾತನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ.

ಅರವತ್ತು ಪರ್ಸೆಂಟ್ ಎಂದು ಕಾರ್ಡು ಬಂತು. ಅಷ್ಟರಲ್ಲಿ ಹರ್ಷಿತ ಊರಿನ ಕಾಲೇಜಿನಲ್ಲೇ ಬಿ.ಎಸ್ಸಿ. ಸೇರಿದ್ದಳು. ಅಲ್ಲಿ ಕಾರ್ಡು ತೋರಿಸಿದ್ದಕ್ಕೆ ಹೆಚ್ಚಿನ ಸಮಯ ಕೊಟ್ಟರು. ಮೊದಲ ಸಲ ಒಂದು ಪತ್ರಿಕೆಯನ್ನು ಪೂರ್ತಿ ಬರೆದು ಬಂದಳು.

"ಪ್ರವೇಶ ಪರೀಕ್ಷೆ ಇನ್ನೊಂದ್ಸಲ ಬರಿಯಮ್ಮ," ಎಂದು ಅಪ್ಪ ಕೇಳಿಕೊಂಡರು.

"ಬೇಡಪ್ಪ. ಮತ್ತೆ ಮೊದ್ಲಿಂದ ಶುರು ಮಾಡೋ ಮನಸ್ಸಿಲ್ಲ ನಂಗೆ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಬೈದಿದ್ದರೆ ಅವರಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಈಗ ಶಶಿರೇಖಾ ಜೊತೆ ಕೋದಂಡರಾಮಯ್ಯನವರೂ ಮನೆಮನೆಗೆ ಹೋಗುತ್ತಾರೆ. ಮೊನ್ನೆ ಹೋಗಿದ್ದು ರಾಜಘಟ್ಟದ ರಾಮಾಂಜಿನಪ್ಪನ ಮನೆಗೆ. ಅವರ ಮಗಳು ಚೈತ್ರಳಿಗೆ ದೃಷ್ಟಿ ತೀರಾ ಮಂದ. "ಜನ ಏನಂತಾರೋ," ಎಂದು ರಾಮಾಂಜಿನಪ್ಪ ಅನುಮಾನಿಸಿದರು. ಕೋದಂಡರಾಮಯ್ಯ ಸುತ್ತುಬಳಸಲಿಲ್ಲ. "ನಾನೂ ಅದನ್ನೇ ಅಂದಿದ್ದೆ ಕಣಪ್ಪ. ಅಂದಿದ್ದು ನಾನು, ಸೀಟು ಹೋಗಿದ್ದು ನನ್ನ ಮಗಳದ್ದು."

ಓದುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಕೈ, ಕಣ್ಣು, ಕಿವಿಯ ತೊಂದರೆ ಇರುವ ಮಗುವಿದ್ದರೆ ಇಂದೇ ಪಂಚಾಯಿತಿ ಅಥವಾ ನಗರಸಭೆಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಕಾರ್ಡಿಗೆ ತಿಂಗಳುಗಳೇ ಹಿಡಿಯಬಹುದು, ಪರೀಕ್ಷೆ ಹತ್ತಿರ ಬರಲಿ ಎಂದು ಕಾಯಬೇಡಿ. ಅರ್ಜಿ ತುಂಬುವಾಗ ಮಗುವಿನ ಪಕ್ಕದಲ್ಲೇ ಕುಳಿತು, ಹೆಚ್ಚಿನ ಸಮಯ ಬೇಕೆಂದು ಗುರುತು ಹಾಕಿದ್ದನ್ನು ಕಣ್ಣಾರೆ ನೋಡಿ. ಅದು ಭಿಕ್ಷೆಯಲ್ಲ, ಹಕ್ಕು. ನಾಚಿಕೆ ನಿಮ್ಮದಾಗಿದ್ದರೆ ಅದನ್ನು ನೀವೇ ನುಂಗಿಕೊಳ್ಳಿ. ಮಕ್ಕಳ ಮೇಲೆ ಹೊರಿಸಬೇಡಿ.