ಹೆಂಗಸರ ಪುಟ

ನಾನು ಓದುತ್ತಿರುವುದು ಆಕ್ಚುರಿಯಲ್ ಸೈನ್ಸ್. ಹೊಳೆನರಸೀಪುರದಲ್ಲಿ ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ವಿಮೆಯ ಗಣಿತ, ಯಾವ ವಯಸ್ಸಿನವರು ಇನ್ನೆಷ್ಟು ಕಾಲ ಬದುಕಬಹುದು ಅನ್ನುವ ಲೆಕ್ಕ ಎಂದು ಬಿಡಿಸಿ ಹೇಳಿದರೂ, ಪೇಟೆಬೀದಿಯಲ್ಲಿ ಸಿಕ್ಕವರೆಲ್ಲ ನಮಗೊಂದು ಪಾಲಿಸಿ ಮಾಡಿಸಿಕೊಡಮ್ಮ ಅನ್ನುತ್ತಾರೆ. ಮನೆಯಲ್ಲಿ ಇನ್ನೊಂದು ಕಾಟ. ತಾತ ಯೋಗಾನರಸಿಂಹ ಜೋಯಿಸರು. ಅರಕಲಗೂಡು, ಚನ್ನರಾಯಪಟ್ಟಣದಿಂದೆಲ್ಲ ಜನ ಜಾತಕ ಹಿಡಿದುಕೊಂಡು ಅವರ ಹತ್ತಿರ ಬರುತ್ತಾರೆ. ನಮ್ಮ ಅನ್ವಿತಾನೂ ಇದೇ ಕಸುಬು ಹಿಡಿದಳು, ಇಂಗ್ಲಿಷಿನಲ್ಲಿ ಎಂದು ಬಂದವರಿಗೆಲ್ಲ ಹೇಳಿ ನನ್ನನ್ನು ಉರಿಸುತ್ತಿದ್ದರು.

ಈ ಸಲ ದೀಪಾವಳಿ ರಜೆಗೆ ಬಂದಾಗ ತಾತನ ಪಾಲಿಗೆ ನಾನು ಬರೀ ನೆರಳಾಗಿದ್ದೆ. ಎರಡೂ ಕಣ್ಣಿಗೆ ಪೊರೆ ಬಲಿತಿತ್ತು. ಇನ್ನು ತಡ ಮಾಡಿದರೆ ಆಪರೇಷನ್ನೂ ಕಷ್ಟ ಎಂದು ಹಾಸನದ ಡಾಕ್ಟರು ಹೇಳಿ ಕಳಿಸಿದ್ದರಂತೆ. ಜಪ್ಪಯ್ಯ ಅಂದರೂ ತಾತ ಒಪ್ಪುತ್ತಿರಲಿಲ್ಲ. ಎಂಬತ್ತೆರಡಕ್ಕೆ ಹೊಸ ಕಣ್ಣು ಯಾಕೆ ಅನ್ನುತ್ತಿದ್ದರು. ತಮ್ಮ ಆಯುಸ್ಸು ಮುಗಿಯಿತೆಂದು ಲೆಕ್ಕ ಹಾಕಿಕೊಂಡು ಕೂತಿದ್ದಾರೆ ಎಂದು ನಾವೆಲ್ಲ ತಿಳಿದೆವು. ಅಜ್ಜಿ ಶ್ರೀರಂಗಮ್ಮ ಗೋಗರೆದು ಗೋಗರೆದು ಸುಮ್ಮನಾಗಿದ್ದರು. ಸುಮ್ಮನಿರುವ ಜಾಯಮಾನ ನನ್ನದಲ್ಲ.

ಒಂದು ಮಧ್ಯಾಹ್ನ, ಊಟವಾದ ಮೇಲೆ, ತಾತ ಪಡಸಾಲೆಯಲ್ಲಿ ಚಾಪೆಯ ಮೇಲೆ ಒರಗಿದ್ದರು. ಗಾಜಿನ ಹೆಂಚಿನಿಂದ ಇಳಿದ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ನಾನು ಲ್ಯಾಪ್‌ಟಾಪ್ ತೆರೆದು, ನಮ್ಮ ಆಯುಷ್ಯದ ಪಟ್ಟಿ ಕೇಳಿ ತಾತ ಎಂದೆ. ಓದು, ಹೇಗೂ ನಿದ್ದೆ ಬರಬೇಕು ಅಂದರು.

ಆ ಪಟ್ಟಿ ಒಂದು ಲಕ್ಷ ಕೂಸುಗಳಿಂದ ಶುರುವಾಗುತ್ತದೆ. ಒಂದೊಂದು ವಯಸ್ಸಿಗೂ ಎಷ್ಟು ಜನ ಉಳಿದರು ಎಂಬುದು ಅದರ ಸಾಲುಗಳು. ಕ್ಲಾಸಿನಲ್ಲಿ ಅದನ್ನು ತೆರೆದರೆ ಸಾಕು, ನನಗೆ ಆ ಲಕ್ಷ ಜನರೂ ಹೇಮಾವತಿಯ ದಂಡೆಯಲ್ಲಿ ನಡೆಯುತ್ತಿರುವಂತೆ ಕಾಣುತ್ತದೆ. ಅದನ್ನೇ ತಾತನಿಗೆ ಹೇಳುತ್ತ ಹೋದೆ. ಮೊದಲನೆಯ ತಿರುವಿನಲ್ಲೇ ಕೆಲವು ಕೂಸುಗಳು ಮಲಗಿಬಿಡುತ್ತವೆ. ಆಮೇಲೆ ಬಹುದೂರ ಹೆಚ್ಚು ಜನ ಕೂರುವುದಿಲ್ಲ, ಮಾತಾಡಿಕೊಂಡು, ನೀರಿಗೆ ಕಲ್ಲೆಸೆದುಕೊಂಡು ಹೋಗುತ್ತಿರುತ್ತಾರೆ. ಅರವತ್ತು ದಾಟಿದ ಮೇಲೆ ಪ್ರತಿ ಹೊಂಗೆಮರದ ಕೆಳಗೂ ಯಾರಾದರೊಬ್ಬರು, ನೀವು ನಡೆಯಿರಿ, ನಾನಿಲ್ಲೇ ಕೂರುತ್ತೇನೆ ಅನ್ನುತ್ತಾರೆ. ಉಳಿದವರು ಮೆಲ್ಲಗೆ, ಬೆಳಗಿನ ಮಂಜಿನಲ್ಲಿ ನಡೆಯುತ್ತಾರೆ. ತಾತ ಕಣ್ಣು ಮುಚ್ಚಿದ್ದರು. ಅವರ ಕಾಲ ಬೆರಳುಗಳು ಸಣ್ಣಗೆ ಆಡುತ್ತಿದ್ದವು. ಅವರೂ ನಡೆಯುತ್ತಿದ್ದಾರೆ ಅನ್ನಿಸಿತು.

ಎಂಬತ್ತೆರಡರ ತನಕ ಬಂದವರು ಸರಾಸರಿ ಇನ್ನೂ ಕೆಲವು ವರ್ಷ ನಡೆಯುತ್ತಾರೆ, ನೋಡಿ ಇಲ್ಲೇ ಇದೆ ಎಂದು ಗೆದ್ದವಳಂತೆ ಹೇಳಿದೆ.

ತಾತ ಕಣ್ಣು ಬಿಡಲಿಲ್ಲ. "ಗಂಡಸರದ್ದು ಇರ್ಲಿ ಕಣೇ. ಹೆಂಗಸರ ಪುಟ ತೆಗಿ. ಎಪ್ಪತ್ತಾರು ನೋಡು."

ಎಪ್ಪತ್ತಾರು ಅಜ್ಜಿಯ ವಯಸ್ಸು. ಕೀಲಿಮಣೆಯ ಮೇಲಿದ್ದ ನನ್ನ ಕೈ ಅಲ್ಲೇ ನಿಂತಿತು.

ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಜೋಯಿಸರು ಸ್ವಂತ ಮನೆಯವರ ಜಾತಕ ನೋಡುವಂತಿಲ್ಲ. ಪ್ರೀತಿಯೋ ಭಯವೋ ಲೆಕ್ಕದೊಳಗೆ ನುಗ್ಗಿಬಿಡುತ್ತದೆ. ನನ್ನ ಅತ್ತೆಯ ಮದುವೆಗೂ ಜಾತಕವನ್ನು ಅರಕಲಗೂಡಿನ ಜೋಯಿಸರ ಹತ್ತಿರ ಕಳಿಸಿದ್ದರು. ಅಂಥ ತಾತ ಆ ಕಟ್ಟುಪಾಡನ್ನು ಮುರಿದುಬಿಟ್ಟಿದ್ದರು.

"ಆಷಾಢದಲ್ಲಿ ಅವಳಿಗೆ ಜ್ವರ ಬಂತಲ್ಲ. ತಡೀಲಾರದೆ ನೋಡ್ಬಿಟ್ಟೆ. ಈ ಮಾಘ ದಾಟಲ್ಲ ಅವಳು. ಅವಳಿಲ್ಲದ ಮನೆ ನೋಡೋಕೆ ನಂಗೆ ಕಣ್ಣು ಬೇರೆ ಕೇಡು."

ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಹತ್ತು ವರ್ಷದ ಹತ್ತಿರ ಇದೆ ತಾತ, ಹೆಂಗಸರು ಗಟ್ಟಿ ಎಂದು ಒಂದೇ ಉಸಿರಿಗೆ ಹೇಳಿದೆ. ಅದು ಅವಳಿಗೇ ಬರೆದದ್ದೋ ಎಂದು ಕೇಳಿದರು. ಹೂಂ ಅಂದುಬಿಟ್ಟಿದ್ದರೆ ಮರುದಿನವೇ ಹಾಸನಕ್ಕೆ ಹೊರಡುತ್ತಿದ್ದರೇನೋ. ಬಾಯಿ ಬರಲಿಲ್ಲ.

"ಇಲ್ಲ ತಾತ. ಲಕ್ಷ ಜನರದ್ದು ಗೊತ್ತು. ಒಬ್ಬರದ್ದು ಗೊತ್ತಿಲ್ಲ."

ನಾನು ಓದಿದ್ದೆಲ್ಲ ಇಷ್ಟೇ. ತಾತ ಗೋಡೆಯ ಕಡೆ ಹೊರಳಿದರು. ಆಗಲೇ ನಾನು ನೋಡಿದ್ದು, ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಅಜ್ಜಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರೆಂದು ಮುಖವೇ ಹೇಳುತ್ತಿತ್ತು.

ಅಜ್ಜಿ ಅಳಲಿಲ್ಲ. ಲೋಟ ಕೆಳಗಿಟ್ಟು ಚಾಪೆಯ ಅಂಚಿಗೆ ಕೂತರು. ಬಳೆಯ ಸದ್ದಿಗೆ ತಾತ ಎದ್ದು ಕೂತು ತಿರುಗಿದರು, ಆದರೆ ಮುಖ ಅಜ್ಜಿಯ ಕಡೆಗಿರಲಿಲ್ಲ, ಪಕ್ಕದ ಕಂಬದ ಕಡೆಗಿತ್ತು. ಅಜ್ಜಿ ಅವರ ಗಲ್ಲ ಹಿಡಿದು ತಮ್ಮತ್ತ ತಿರುಗಿಸಿಕೊಂಡರು.

"ಮಾಘಕ್ಕೆ ಹೋಗೋದೇ ಆದ್ರೆ, ಅಲ್ಲೀ ತನಕ ನನ್ನ ಮುಖ ನೋಡೋದು ಬೇಡ್ವೇನ್ರೀ?"

ತಾತ ಕೈ ಎತ್ತಿ ಅಜ್ಜಿಯ ಹಣೆ, ಮೂಗು, ಕೆನ್ನೆಯನ್ನು ಬೆರಳಿನಿಂದ ತಡವಿದರು. ಆ ಬೆರಳು ಕೆನ್ನೆಯ ಮೇಲೇ ತುಂಬ ಹೊತ್ತು ಉಳಿಯಿತು. ಆಮೇಲೆ ನಾನೆಲ್ಲಿದ್ದೇನೆಂದು ಊಹಿಸಿ ಈ ಕಡೆ ತಿರುಗಿದರು.

"ಅನ್ವಿತಾ, ಹಾಸನಕ್ಕೆ ಫೋನ್ ಮಾಡೇ. ನಾಳೆ ಆಗತ್ತಾ ಕೇಳು."