ಉಳಿಸಿಟ್ಟ ಔಷಧಿ

ಈ ಅಜ್ಜಿಯ ಕೈಗೆ ಸಿಕ್ಕ ಯಾವ ವಸ್ತುವೂ ಸುಲಭವಾಗಿ ಮುಗಿದದ್ದಿಲ್ಲ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಇನ್ನೊಂದು ವಾರ ಎಳೆಯುವಳು. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವಳು. ಹಾಲು ಕಾಯಿಸಿದರೆ ಅರ್ಧ ಲೋಟ ಪಕ್ಕಕ್ಕೆ ಮುಚ್ಚಿಡಲೇಬೇಕು, "ಯಾರಿಗಾದ್ರೂ ಬೇಕಾಗತ್ತೆ." ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎಂದು ಪಕ್ಕದ ಮನೆಯವಳು ಆಡಿಕೊಂಡದ್ದುಂಟು. ಅಂಥವರ ಬಾಯಿಗೆ ಹುಳ ಬೀಳಲಿ. ಅಜ್ಜಿ ಉಳಿಸಿದ್ದರಲ್ಲಿ ಒಂದು ತೊಟ್ಟೂ ಅವಳ ಹೊಟ್ಟೆಗೆ ಹೋಗುತ್ತಿರಲಿಲ್ಲ.

ಅವಳಿಗೆ ಇಬ್ಬರು ಮೊಮ್ಮಕ್ಕಳು. ದೊಡ್ಡವಳಿಗೆ ಆರು ವರ್ಷ, ಬಾಯಿ ಬಿಟ್ಟರೆ ಮಾತು ನಿಲ್ಲಿಸದ್ದರಿಂದ ಎಲ್ಲರೂ ಪಟಾಕಿ ಎನ್ನುತ್ತಿದ್ದರು. ಚಿಕ್ಕವನು ಗುಂಡ, ಅಕ್ಕ ಕಚ್ಚಿದ ಬಿಸ್ಕತ್ತೇ ಅವನಿಗೂ ಬೇಕು. ಇಂಥ ಪಟಾಕಿ ಒಂದು ದಿನ ಮಾತೇ ಆಡದೆ ಮೂಲೆ ಹಿಡಿದು ಮಲಗಿದಾಗ ಮನೆಯೇ ಗಾಬರಿಯಾಯಿತು. ಮೈ ಕೆಂಡ. ಉಗುಳು ನುಂಗಿದರೂ ಕಣ್ಣಲ್ಲಿ ನೀರು.

ಡಾಕ್ಟರಮ್ಮ ಟಾರ್ಚ್ ಬಿಟ್ಟು ಗಂಟಲು ನೋಡಿದರು, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ಪರೀಕ್ಷೆ ಮಾಡಿಸಿದರು. ಸೋಂಕು ಎಂದು ಗೊತ್ತಾಯಿತು. ಕಾಯಿಸಿ ಆರಿಸಿದ ನೀರು ಬೆರೆಸಿ ಕೊಡುವ ಪುಡಿ ಔಷಧಿ ಬಂತು, ಜೊತೆಗೆ ಸೂಜಿ ಇಲ್ಲದ ಸಿರಿಂಜು. ಸೊಸೆ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು, ಮಗ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಪತ್ತೆ ಇಲ್ಲ. ಅಲ್ಲದೆ ಪಟಾಕಿ ಅಜ್ಜಿಯ ಕೈ ಬಿಟ್ಟರೆ ಬೇರೆ ಯಾರ ಕೈಗೂ ಬಾಯಿ ತೆರೆಯುವವಳಲ್ಲ.

"ಅತ್ತೆ, ಈ ಗೆರೆ ತನಕ. ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ, ಹತ್ತು ದಿನ. ಜ್ವರ ಬಿಟ್ರೂ ನಿಲ್ಲಿಸೋ ಹಾಗಿಲ್ಲ" ಎಂದು ಸೊಸೆ ತೋರಿಸಿಕೊಟ್ಟಳು.

ಅಜ್ಜಿ ನಿಲ್ಲಿಸಲಿಲ್ಲ, ಆ ಮಾತಿಗೆ ಅವಳು ತಪ್ಪಲಿಲ್ಲ. ಮೂರನೆಯ ದಿನ ಜ್ವರ ಇಳಿದು ಪಟಾಕಿ ಮತ್ತೆ ಸಿಡಿಯತೊಡಗಿದಾಗ, ಕಾಯಿಲೆ ಇಳಿದ ಮೇಲೆ ಔಷಧಿಯೂ ಅರ್ಧ ಸಾಕು ಎಂದು ಲೆಕ್ಕ ಹಾಕಿದಳು, ಅಷ್ಟೆ. ಅರ್ಧ ಮಗುವಿನ ಬಾಯಿಗೆ, ಇನ್ನರ್ಧ ತೊಳೆದಿಟ್ಟ ಪುಟ್ಟ ಸೀಸೆಗೆ. ಸೀಸೆ ಫ್ರಿಜ್ಜಿನೊಳಗೆ ಹಿಂಬದಿಗೆ. ಗುಂಡನಿಗೆ ಇವತ್ತಲ್ಲ ನಾಳೆ ಇದು ಅಂಟಿಯೇ ಅಂಟುತ್ತದೆ, ಅವನಿಗೂ ಇರಲಿ.

ಎಂಟನೆಯ ದಿನ ಜ್ವರ ತಿರುಗಿ ಬಂತು.

ಡಾಕ್ಟರಮ್ಮ ಈ ಸಲ ಗಂಟಲು ನೋಡಿ ಹುಬ್ಬು ಗಂಟಿಕ್ಕಿದರು. ಕಿವಿಗೆ ಕೊಳವೆ ಸಿಕ್ಕಿಸಿ ಎದೆ ಕೇಳಿದರು, ಒಂದಿಷ್ಟು ಹೊತ್ತು ಹಾಗೇ ಕೇಳುತ್ತಿದ್ದರು. ಅಜ್ಜಿ ಪಟಾಕಿಯ ಪಾದ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಎದೆಗೆ ಏನೂ ಆಗಿಲ್ಲ. ಆದ್ರೆ ಈ ಸೋಂಕನ್ನ ಅರ್ಧಕ್ಕೆ ಬಿಟ್ರೆ ಮುಂದೆ ಹೃದಯಕ್ಕೇ ಏಟು ಬೀಳಬಹುದು, ಅದಕ್ಕೇ ಕೇಳ್ತೀನಿ. ಔಷಧಿ ಸರಿಯಾಗಿ ಕೊಟ್ರಿ ತಾನೆ?"

"ನಮ್ಮತ್ತೆ ಕೊಟ್ಟಿದ್ದು ಡಾಕ್ಟ್ರೇ" ಎಂದಳು ಸೊಸೆ, ಆ ದನಿಯಲ್ಲಿ ಹೆಮ್ಮೆಯೇ ಇತ್ತು. "ಗಡಿಯಾರ ತಪ್ಪಿದ್ರೂ ಅವರು ತಪ್ಪಲ್ಲ."

"ಹಾಗಾದ್ರೆ ಈ ಔಷಧಿ ನಾಟ್ತಿಲ್ಲ. ಬೇರೆ ಬರೀತೀನಿ, ಸ್ವಲ್ಪ ಜೋರಿಂದು."

ಅಜ್ಜಿಗೆ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಸೊಸೆ ಇನ್ನು ಮೇಲೆ ಮಕ್ಕಳನ್ನು ತನ್ನ ಕೈಗೆ ಬಿಟ್ಟಾಳೆ? ಆ ಎರಡು ಜೀವ ಬಿಟ್ಟರೆ ಅವಳ ದಿನದಲ್ಲಿ ಇನ್ನೇನಿತ್ತು? ಹೇಳದಿದ್ದರೆ ತನ್ನ ತಪ್ಪಿಗೆ ಮಗು ಬೇಡದ ಔಷಧಿ ಕುಡಿಯಬೇಕು. ಡಾಕ್ಟರಮ್ಮನ ಪೆನ್ನು ಕಾಗದಕ್ಕೆ ತಾಗಿತು.

"ಬರೀಬೇಡಿ ತಾಯಿ" ಎಂದಳು ಅಜ್ಜಿ. "ಔಷಧೀದು ತಪ್ಪಿಲ್ಲ. ನಾನು ಅರ್ಧರ್ಧ ಕೊಟ್ಟೆ, ಮಿಕ್ಕಿದ್ದು ಚಿಕ್ಕವನಿಗೆ ಅಂತ ಫ್ರಿಜ್ಜಲ್ಲಿ ಎತ್ತಿಟ್ಟೆ."

ಡಾಕ್ಟರಮ್ಮ ಬೈಯಲಿಲ್ಲ. ಜ್ವರ ಬಿಟ್ಟ ಮಾತ್ರಕ್ಕೆ ರೋಗ ಸತ್ತಿರುವುದಿಲ್ಲ, ಮಲಗಿರುತ್ತದೆ. ಅರೆಹೊಟ್ಟೆ ಔಷಧಿ ಅದನ್ನು ಕೊಲ್ಲಲಾರದು ಎಂದರು. ನೀರು ಬೆರೆಸಿದ ಔಷಧಿ ಎತ್ತಿಟ್ಟರೆ ಕೆಡುತ್ತದೆ, ಯಾರಿಗೂ ಆಗುವುದಿಲ್ಲ ಎಂದೂ ಹೇಳಿದರು. ಅದೇ ಔಷಧಿ, ಹೊಸ ಬಾಟಲಿ, ಮತ್ತೆ ಮೊದಲಿನಿಂದ ಪೂರ್ತಿ ಹತ್ತು ದಿನ.

ಬಸ್ಸಿನಲ್ಲಿ ಸೊಸೆ ಕಿಟಕಿಯ ಹೊರಗೇ ನೋಡುತ್ತ ಕುಳಿತಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಮನೆಗೆ ಬಂದವಳೇ ಫ್ರಿಜ್ಜಿನೊಳಗೆ ಹಿಂದಕ್ಕೆ ಕೈ ಹಾಕಿ ಸೀಸೆ ಹುಡುಕಿ ತೆಗೆದು ಮೇಜಿನ ಮೇಲಿಟ್ಟಳು.

"ಯಾಕತ್ತೆ? ನಮಗೇನು ಇನ್ನೊಂದು ಬಾಟಲಿಗೆ ಗತಿ ಇಲ್ವಾ?"

ಅಜ್ಜಿ ಸೆರಗಿನ ತುದಿ ಹಿಂಡುತ್ತ ನಿಂತಳು. "ನಂಗೊಬ್ಬ ತಮ್ಮ ಇದ್ದ ಕಣಮ್ಮ. ಇಬ್ರಿಗೂ ಒಟ್ಟಿಗೆ ಜ್ವರ ಬಂದಿತ್ತು. ಮನೇಲಿ ಇದ್ದಿದ್ದು ಒಂದೇ ಸೀಸೆ. ಮೊದಲು ಮಲಗಿದವಳು ನಾನು ಅಂತ ನಂಗೇ ಪೂರ್ತಿ ಕುಡಿಸಿದ್ರು. ಅವನ ಸರದಿ ಬರೋ ಹೊತ್ತಿಗೆ..."

ಈ ಮನೆಗೆ ಬಂದು ಇಷ್ಟು ವರ್ಷವಾದರೂ ಅತ್ತೆಗೊಬ್ಬ ತಮ್ಮನಿದ್ದ ಸಂಗತಿ ಸೊಸೆಯ ಕಿವಿಗೆ ಬಿದ್ದಿರಲಿಲ್ಲ. ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯದು. ಸೀಸೆಯ ಔಷಧಿಯನ್ನು ಕಸಕ್ಕೆ ಸೇರಿಸಿ, ಕೈ ತೊಳೆದು ಬಂದು ಹೊಸ ಬಾಟಲಿ ಕುಲುಕಿದಳು. ಗೆರೆಯ ತನಕ ಸಿರಿಂಜು ತುಂಬಿ ಅತ್ತೆಯ ಕೈಗೆ ಕೊಟ್ಟಳು.

"ನಾನಾ?" ಎಂದಳು ಅಜ್ಜಿ.

"ಇನ್ಯಾರು? ಗುಂಡನಿಗೆ ಬಂದ್ರೆ ಗುಂಡನಿಗೆ ಬೇರೆ ಬಾಟಲಿ ತರ್ತೀನಿ. ನಾನಿದೀನಲ್ಲ ಅತ್ತೆ."

ಅಜ್ಜಿ ಮಗುವಿನ ಪಕ್ಕ ಕುಳಿತಳು. ಪಟಾಕಿ ಸಿರಿಂಜನ್ನು ಅನುಮಾನದಿಂದ ನೋಡಿ, "ಅಜ್ಜೀ, ಇವತ್ತು ಜಾಸ್ತಿ ಇದೆ!" ಎಂದು ಕ್ಷೀಣ ದನಿಯಲ್ಲೇ ತಗಾದೆ ತೆಗೆದಳು.

"ಬಾಯಿ ತೆಗಿ, ಬಂಗಾರ" ಎಂದಳು ಅಜ್ಜಿ. "ಇದು ಪೂರ್ತಿ ನಿಂದೇ."